ನಮ್ಮೂರಲ್ಲಿ ಎಷ್ಟು ಮಂದಿ ಇದ್ದಾರೆ?

ದೀಪಾವಳಿಗೆ ಊರಿಗೆ ಹೋಗಿದ್ದೆ. ಬ್ಯಾಗ್ ಇಳಿಸೋ ಮೊದಲೇ ಅಣ್ಣನ ಮಗಳು ಒಂದು ಹಾಳೆ ತಂದು ಕೈಗಿಟ್ಟಳು. ಆರನೇ ಕ್ಲಾಸು, ರಜೆಯ ಪ್ರಾಜೆಕ್ಟು. ಮೇಲೆ 'ನಮ್ಮ ಊರಿನ ಪರಿಚಯ' ಅಂತ ಇತ್ತು. ಕೆಳಗೆ ಮೂರು ಖಾಲಿ ಚೌಕ: ಭೌಗೋಳಿಕ ಸ್ಥಾನ, ಇತಿಹಾಸ, ಜನಸಂಖ್ಯೆ. ಒಂದೊಂದಕ್ಕೆ ಐದೇ ಸಾಲು ಜಾಗ.

"ಕಾಕಾ, ನೀ ಬರಸು. ಐದ ನಿಮಿಷದ ಕೆಲಸ."

ನಾನೂ ಹಾಗೇ ಅಂದುಕೊಂಡೆ. ಎರಡು ದಿನ ಹಿಡಿಯಿತು.

ಊರ ಹೆಸರು ಇಲ್ಲಿ ಬರೆಯಲ್ಲ. ಜಮಖಂಡಿ ತಾಲ್ಲೂಕು, ಕೃಷ್ಣಾ ದಂಡೆ, ಚಿಕ್ಕಪಡಸಲಗಿ ಬ್ಯಾರೇಜಿನ ಮೇಲ್ಭಾಗಕ್ಕೆ ಬರುತ್ತದೆ, ಅಷ್ಟು ಸಾಕು. ಊರಲ್ಲಿ ಯಾರೂ ಕೃಷ್ಣಾ ಅನ್ನಲ್ಲ, ಹೊಳಿ ಅಂತಾರೆ. ಇನ್ನೊಂದು ಹೊಳೆ ಇದ್ದರೆ ತಾನೇ ಹೆಸರು ಬೇಕು?

ಭೂಗೋಳ ಸುಲಭ ಅಂತ ಅದನ್ನೇ ಮೊದಲು ಹಿಡಿದೆವು. ಮೊಬೈಲಲ್ಲಿ ನಕ್ಷೆ ತೆಗೆದರೆ ಊರಿನ ಚುಕ್ಕಿ ಹಳೇ ಊರಿನ ಹಣಮಪ್ಪನ ಗುಡಿ ಹತ್ತಿರ ಬಿದ್ದಿದೆ. ಅಲ್ಲಿ ಈಗ ಗುಡಿ ಇದೆ, ಬೇವಿನ ಗಿಡ ಇದೆ, ಬಿದ್ದ ಮಣ್ಣಿನ ಗೋಡೆಗಳಿವೆ, ಹಟ ಹಿಡಿದು ಉಳಿದಿರೋ ಒಂದಿಷ್ಟು ಮನೆ ಇವೆ. ಪ್ರವಾಹ ಬಂದು ಹೋದ ಮೇಲೆ ಎತ್ತರದ ಮಡ್ಡಿಯಲ್ಲಿ ಸರ್ಕಾರ ಹಾಕಿಕೊಟ್ಟ ಮನೆಗಳಿಗೆ ನಾವು ಪ್ಲಾಟ್ ಅಂತೇವೆ. ರೇಷನ್ ಅಂಗಡಿ, ಶಾಲೆ, ಚಹಾದ ಅಂಗಡಿ ಎಲ್ಲಾ ಈಗ ಅಲ್ಲೇ. ಉಳಿದವರು ತೋಟದಲ್ಲಿ. ಅಂದರೆ ಕಬ್ಬಿನ ನಡುವೆ ಅಲ್ಲೊಂದು ಇಲ್ಲೊಂದು ಮನೆ, ಮುಂದೆ ಎರಡು ಎಮ್ಮೆ, ಒಂದು ಟ್ರ್ಯಾಕ್ಟರ್, ಬೊಗಳೋ ನಾಯಿ. ಒಂದೇ ಹೆಸರಿನಲ್ಲಿ ಮೂರು ಊರು. ಚುಕ್ಕಿ ಮಾತ್ರ ಒಂದೇ.

ನೆಲವೂ ಹಾಗೇ. ಹೊಳೆ ಪಕ್ಕ ಆಳವಾದ ಎರೆ ಹೊಲ, ಮಳೆಗಾಲದಲ್ಲಿ ಕಾಲಿಟ್ಟರೆ ಚಪ್ಪಲಿ ವಾಪಸ್ ಬರಲ್ಲ. ಮೇಲೆ ಹೋದಂತೆ ಮಣ್ಣು ತೆಳು ಆಗಿ, ಆಮೇಲೆ ಕಲ್ಲು ಮಡ್ಡಿ. ನಮ್ಮ ಕಡೆ ಮಳೆ ಅಷ್ಟಕ್ಕಷ್ಟೇ. ಮಜಾ ಏನಂದ್ರೆ ನಮಗೆ ಮಳೆ ಬರದಿದ್ದರೂ ಹೊಳೆ ಬರುತ್ತದೆ. ಮಳೆ ಬೀಳೋದು ಮಹಾಬಳೇಶ್ವರದ ಘಟ್ಟದಲ್ಲಿ, ತುಂಬೋದು ಮಹಾರಾಷ್ಟ್ರದ ಕೊಯ್ನಾ ಡ್ಯಾಮು, ಬಿಸಿಲಲ್ಲಿ ನಿಂತು ಸಾಮಾನು ಸಾಗಿಸೋರು ನಾವು. 2019ರ ಆಗಸ್ಟ್‌ನಲ್ಲಿ ಹಾಗೇ ಆಯಿತು. ಕೆಳಗೆ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್ ಮೀರಿ ನೀರು ಬಿಡುತ್ತಿದ್ದರು. ಮೇಲೆ ಮಹಾರಾಷ್ಟ್ರದ ಸಾಂಗಲಿ ಕಡೆಯವರು ಆಲಮಟ್ಟಿ ಹಿನ್ನೀರಿನಿಂದ ನಮಗೆ ಮಹಾಪೂರ ಅಂತಾರೆ, ನಮ್ಮವರು ಕೊಯ್ನಾದಿಂದ ಅಂತಾರೆ. ಆ ಜಗಳ ಬೇಸಿಗೆಗೆ ತಿರುಗುತ್ತದೆ. ಆಗ ನಾವೇ ಕೊಯ್ನಾದಿಂದ ಒಂದಿಷ್ಟು ನೀರು ಬಿಡ್ರಿ ಅಂತ ಕೇಳ್ತೇವೆ.

ಇತಿಹಾಸಕ್ಕೆ ಆಯಿ ಹತ್ತಿರ ಹೋದೆವು. ಆಯಿಗೆ ಎಂಬತ್ತೆಂಟೋ ತೊಂಬತ್ತೋ, ಅವಳಿಗೂ ಲೆಕ್ಕ ಇಲ್ಲ. ಹುಟ್ಟಿದ್ದು ಜಮಖಂಡಿ ಪಟವರ್ಧನ ರಾಜರ ಸಂಸ್ಥಾನದಲ್ಲಿ. 1948ರಲ್ಲಿ ಸಂಸ್ಥಾನ ಮುಂಬಯಿ ರಾಜ್ಯಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯ. 1973ರಲ್ಲಿ ಅದಕ್ಕೇ ಕರ್ನಾಟಕ ಅಂತ ಹೆಸರು. ಜಿಲ್ಲೆ ಬಿಜಾಪುರ ಇದ್ದದ್ದು 1997ರಲ್ಲಿ ಬಾಗಲಕೋಟೆ ಆಯಿತು. ಬಿಟ್ಟು ಬಂದ ಬಿಜಾಪುರ 2014ರಲ್ಲಿ ವಿಜಯಪುರ ಆಯಿತು. ಆಯಿ ಇಷ್ಟೆಲ್ಲಾ ದಾಟಿದ್ದು ಅದೇ ಕಟ್ಟೆ ಮೇಲೆ ಕುಂತು, ಅದೇ ಅಡಕೆಲೆ ಜಗಿಯುತ್ತಾ.

"ರಾಜರ ಕಾಲದಾಗ ಹೆಂಗಿತ್ತ ಆಯಿ?" ಅಂತ ಹುಡುಗಿ ಪೆನ್ನು ಹಿಡಿದು ಕೇಳಿದಳು.

"ಹೆಂಗಿರತೈತಿ? ರೊಟ್ಟಿ ಇದ್ದಾಂವ ತಿಂತಿದ್ದ, ಇಲ್ಲದಾಂವ ಇಲ್ಲ."

ಇದನ್ನು ಬರೀಬೇಕಾ ಅಂತ ನನ್ನ ಮುಖ ನೋಡಿದಳು. ಬರಿ ಅಂದೆ.

ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಆ ಕಾಲದ ಹೊಲದ ಕಾಗದಗಳಿವೆ, ಮರಾಠಿಯ ಹಳೇ ಮೋಡಿ ಲಿಪಿಯಲ್ಲಿ. ಮನೆಯಲ್ಲಿ ಒಬ್ಬರಿಗೂ ಓದಲು ಬರಲ್ಲ. ಆದರೂ ವಾಟ್ನಿ, ಅಂದರೆ ಆಸ್ತಿ ಪಾಲಿನ ಜಗಳ ಬಂದಾಗಲೆಲ್ಲ ಎಲ್ಲರೂ ಮೊದಲು ಹುಡುಕೋದು ಅದನ್ನೇ.

ನನ್ನ ಕೇಳಿದರೆ ನಮ್ಮೂರಿನ ಇತಿಹಾಸಕ್ಕೆ ಒಂದೇ ಇಸವಿ ಸಾಕು: 1989. ಆ ವರ್ಷ ಚಿಕ್ಕಪಡಸಲಗಿ ಬ್ಯಾರೇಜ್ ಆಯಿತು. ಸರ್ಕಾರ ಕಟ್ಟಲಿಲ್ಲ, ರೈತರೇ ಕಟ್ಟಿದರು. ಸಿದ್ದು ನ್ಯಾಮಗೌಡರು ಮುಂದೆ ನಿಂತರು, ಊರೂರಿನ ಮಂದಿ ದುಡ್ಡೂ ಕೊಟ್ಟರು, ಮೈ ಬಗ್ಗಿಸಿ ದುಡಿದರು. ಹೆಸರು ಶ್ರಮಬಿಂದು ಸಾಗರ. ಜನ ಅವರನ್ನು ಬ್ಯಾರೇಜ್ ಸಿದ್ದು ಅಂತಲೇ ಕರೆದರು. 1991ರ ಲೋಕಸಭಾ ಚುನಾವಣೆಯಲ್ಲಿ ಅವರು ಬಾಗಲಕೋಟೆಯಲ್ಲಿ ಸೋಲಿಸಿದ್ದು ರಾಮಕೃಷ್ಣ ಹೆಗಡೆಯವರನ್ನು. ಆಗ ಇಡೀ ರಾಜ್ಯ ಬಾಯಿ ಮೇಲೆ ಕೈ ಇಟ್ಟುಕೊಂಡಿತ್ತಂತೆ, ನಮ್ಮ ಕಡೆ ಯಾರಿಗೂ ಆಶ್ಚರ್ಯ ಆಗಿರಲಿಲ್ಲ. ಅಪ್ಪನೂ ಬ್ಯಾರೇಜಿಗೆ ಕಲ್ಲು ಹೊರಲು ಹೋಗಿದ್ದ. ಈಗಲೂ ಜಮಖಂಡಿಯಿಂದ ವಿಜಯಪುರಕ್ಕೆ ಬಸ್ಸಲ್ಲಿ ಹೋಗುವಾಗ ಹೊಳೆ ಬಂದರೆ ಸಾಕು, ಪಕ್ಕದಲ್ಲಿ ಕುಂತವರು ಯಾರೇ ಇರಲಿ ಕೈ ತೋರಿಸಿ ಹೇಳ್ತಾನೆ. ಅವರು ಕೇಳಿರಲ್ಲ, ಆದರೂ.

ಅದಕ್ಕೂ ಮೊದಲು ಬೇಸಿಗೆಯಲ್ಲಿ ಹೊಳೆ ಅಂದರೆ ಬರೀ ಉಸುಕು. ಹೆಂಗಸರು ಉಸುಕಿನಲ್ಲಿ ವರತಿ ತೋಡಿ, ಬಟ್ಟಲಿನಿಂದ ಬಳಿದು ಬಳಿದು ಕೊಡ ತುಂಬಿಸುತ್ತಿದ್ದರು. ಅದೇ ಉಸುಕಲ್ಲಿ ಕಲ್ಲಂಗಡಿ ಹಾಕುತ್ತಿದ್ದರು. ಹೊಲದಲ್ಲಿ ಬಿಳಿಜೋಳ, ಕಡಲೆ, ಕುಸುಬೆ, ಸಾಲಿಗೊಂದಿಷ್ಟು ಅಗಸೆ. ನೀರು ನಿಂತ ಮೇಲೆ ಇದೆಲ್ಲಾ ಹೋಗಿ ಕಬ್ಬು ಬಂತು. ದಂಡೆ ಉದ್ದಕ್ಕೂ ಮೋಟರು, ಪೈಪು. ಬ್ಯಾರೇಜಿನಲ್ಲಿ ನೀರು ಸಾಲದಾದಾಗ ಕೆಳಗಿನ ಆಲಮಟ್ಟಿ ಹಿನ್ನೀರಿನಿಂದ ಪಂಪ್ ಹಚ್ಚಿ ನೀರೆತ್ತಿ ಬ್ಯಾರೇಜಿಗೆ ತುಂಬಿಸುತ್ತಾರೆ. ಹೊಳೆಯನ್ನು ಹಿಂದಕ್ಕೆ ಹರಿಸೋದು ಅಂದರೆ ಇದೇ ಅಲ್ವಾ.

ಎರಡನೇ ದಿನ ಅಪ್ಪ ನಮ್ಮಿಬ್ಬರನ್ನೂ ಹಳೇ ಮನೆಗೆ ಕರೆದುಕೊಂಡು ಹೋದ. ಅಂಗಳದಲ್ಲಿ ಒಂದು ಹಾಸುಗಲ್ಲು. ಅದನ್ನು ಹಾರೆ ಹಾಕಿ ಸರಿಸಿದ. ಕೆಳಗೆ ಹಗೇವು. ನೆಲದೊಳಗೆ ಗಡಿಗೆ ಆಕಾರದಲ್ಲಿ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿಡೋ ಜಾಗ. ಬರ ಬಿದ್ದ ವರ್ಷ ಒಡೆದು ತಿನ್ನುತ್ತಿದ್ದರು. ಒಡೆದ ಕೂಡಲೇ ಒಳಗೆ ಇಳಿಯಬಾರದು, ಒಳಗಿನ ಗಾಳಿಗೆ ಉಸಿರು ಕಟ್ಟುತ್ತದೆ, ಒಂದು ಹೊತ್ತು ಹಾಗೇ ಬಿಡಬೇಕು ಅಂತ ಅಪ್ಪ ಹುಡುಗಿಗೆ ಹೇಳುತ್ತಿದ್ದ. ಮೊಬೈಲ್ ಟಾರ್ಚ್ ಬಿಟ್ಟು ಒಳಗೆ ಬೆಳಕು ಹಾಯಿಸಿ ನೋಡಿದರೆ ಒಳಗೆ ಜೋಳ ಎಲ್ಲಿಂದ ಬರಬೇಕು, ನೀರು. ಕರ್ರಗೆ, ಅಲುಗಾಡದ ನೀರು, ಮೇಲೆ ಒಂದು ಕಪ್ಪೆ. ಬ್ಯಾರೇಜ್ ತುಂಬಿದರೆ ಊರ ನೆಲದೊಳಗೂ ನೀರು ಏರುತ್ತದೆ. ನೀರು ತಂದವನೂ ಅವನೇ, ಹಗೇವು ಕಳಕೊಂಡವನೂ ಅವನೇ. ಏನೂ ಅನ್ನಲಿಲ್ಲ. ಕಲ್ಲು ಎಳೆದು ಮುಚ್ಚಿದ.

ವಾಪಸ್ ಬರುವಾಗ ತೋಟದ ಮೂಲೆಯಲ್ಲಿ ಬಗ್ಗಿ ಉಗುರಿನಿಂದ ನೆಲ ಕೆರೆದ. ಬಿಳೀ ಪುಡಿ. ಸವಳು. ಮೂವತ್ತು ವರ್ಷ ಕಬ್ಬಿಗೆ ನೀರು ಕಟ್ಟಿ ಕಟ್ಟಿ, ಎರೆ ಹೊಲದಲ್ಲಿ ನೀರು ಬಸಿಯದೆ, ಉಪ್ಪು ಮೇಲೆ ಬಂದಿದೆ. ಆ ಮೂಲೆಯಲ್ಲಿ ಕಬ್ಬು ಮೊಣಕಾಲೆತ್ತರ ಅಷ್ಟೇ.

ಕೊನೆಗೆ ಜನಸಂಖ್ಯೆ. ಇದೇ ಕಷ್ಟದ ಚೌಕ ಅಂತ ನನಗೆ ಆಮೇಲೆ ಗೊತ್ತಾಯಿತು. ಜಿಲ್ಲೆಯದ್ದು ಸಿಕ್ಕಿತು: 2011ರ ಗಣತಿಯಲ್ಲಿ ಬಾಗಲಕೋಟೆ ಜಿಲ್ಲೆಗೆ 18,89,752 ಜನ. ಊರಿನದ್ದೂ ಆ ಪಟ್ಟಿಯಲ್ಲಿ ಇರುತ್ತದೆ. ಅದನ್ನೇ ನೋಡಿ ಬರೆಯೋಣ ಅಂದೆ. ಹುಡುಗಿ ಒಪ್ಪಲಿಲ್ಲ. "ನಾ ಅವಾಗ ಹುಟ್ಟೇ ಇರಲಿಲ್ಲ." ಸರಿ, 2021ರಲ್ಲಿ ಆಗಬೇಕಿದ್ದ ಗಣತಿ ಕೊರೊನಾದಿಂದ ಮುಂದೆ ಹೋಯಿತಲ್ಲ.

ಮನೆಯಿಂದಲೇ ಎಣಿಸಲು ಶುರು ಮಾಡಿದೆವು. ನಾನು? ನನ್ನ ರೇಷನ್ ಕಾರ್ಡ್ ಬೆಳಗಾವಿಯಲ್ಲಿ, ವೋಟು ಊರಲ್ಲಿ. ತಮ್ಮ ಪುಣೆಯಲ್ಲಿ, ವರ್ಷಕ್ಕೆ ಎರಡು ಸಲ ಬರ್ತಾನೆ, ಆದರೆ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರಿದೆ. ಮದುವೆಯಾಗಿ ಕೊಲ್ಹಾರಕ್ಕೆ ಹೋದ ಅಕ್ಕನ ಹೆಸರು ಇನ್ನೂ ನಮ್ಮ ಮತದಾರರ ಪಟ್ಟಿಯಲ್ಲಿ. ಅಕ್ಕ ಬಂದಾಗ ಮಣ್ಣಿನ ಗಡಿಗೆಯಲ್ಲಿ ಕೊಲ್ಹಾರದ ಮೊಸರು ತರ್ತಾಳೆ, ಅದಕ್ಕಾದರೂ ಪಟ್ಟಿಯಲ್ಲಿ ಇರಲಿ ಅಂತ ಅಣ್ಣ ಅಂದ. ಅಂಬಿಗರ ಓಣಿಯಲ್ಲಿ ಅರ್ಧ ಮನೆಗೆ ಬೀಗ. ಸೇತುವೆ ಆದ ಮೇಲೆ ನಾವೆ ನಿಂತಿತು, ಕೆಲವರು ಮೀನಿಗೆ ಬಲೆ ಹಾಕ್ತಾರೆ, ಉಳಿದವರು ಗೋವಾಕ್ಕೆ ದುಡಿಯಲು ಹೋಗಿದ್ದಾರೆ.

ಆಮೇಲೆ ಅವಳೇ ಕೇಳಿದಳು: "ಕಬ್ಬ ಕಡಿಯಾವ್ರನ್ನ ಎಣಿಸಬೇಕೇನ?"

ಹಂಗಾಮು ಶುರುವಾದರೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಗ್ಯಾಂಗುಗಳು ಬರ್ತಾವೆ. ಗಂಡ, ಹೆಂಡತಿ, ಕೂಸು, ಎತ್ತು, ಪಾತ್ರೆ ಎಲ್ಲಾ ಸೇರಿ. ಮಡ್ಡಿ ಮೇಲೆ ತಾಡಪತ್ರಿ ಗುಡಿಸಲು ಎದ್ದು ಇನ್ನೊಂದು ಓಣಿಯೇ ಆಗುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಅವರ ಒಲೆ ಹತ್ತುತ್ತದೆ, ಆಗ ನಮ್ಮೂರು ಇನ್ನೂ ಮಲಗಿರುತ್ತದೆ. 2011ರಲ್ಲಿ ತಲೆ ಎಣಿಸಿದ್ದು ಫೆಬ್ರವರಿ 9ರಿಂದ 28ರವರೆಗೆ, ಹಂಗಾಮಿನ ನಟ್ಟನಡುವೆ. ಅಷ್ಟೂ ದಿನ ಮನೆ ಬಿಟ್ಟು ಹೊರಗಿದ್ದವರನ್ನು ಇದ್ದ ಜಾಗದಲ್ಲೇ ಎಣಿಸಬೇಕು ಅನ್ನೋದು ಗಣತಿಯ ನಿಯಮ. ಆ ಲೆಕ್ಕದಲ್ಲಿ ಅವರು ನಮ್ಮೂರಿನವರು, ಗೋವಾಕ್ಕೆ ಹೋದ ನಮ್ಮವರು ಗೋವಾದವರು.

ಇನ್ನೊಂದು ಲೆಕ್ಕ ಚಹಾದ ಅಂಗಡಿಯಲ್ಲಿ ನಡೀತಾ ಇರುತ್ತದೆ. ಆಲಮಟ್ಟಿಯಲ್ಲಿ ಈಗ 519.60 ಮೀಟರಿನವರೆಗೆ ನೀರು ನಿಲ್ಲಿಸ್ತಾರೆ, 123 ಟಿಎಂಸಿ. ಅದನ್ನು 524.256ಕ್ಕೆ ಏರಿಸಬಹುದು ಅಂತ ಕೃಷ್ಣಾ ನೀರು ಹಂಚೋ ನ್ಯಾಯಮಂಡಳಿ 2010ರಲ್ಲೇ ಹೇಳಿದೆ. ಮುಳುಗಡೆಯಾಗೋ ಹೊಲಕ್ಕೆ ನೀರಾವರಿ ಇದ್ದರೆ ಎಕರೆಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ ಅಂತ ಸಂಪುಟ ತೀರ್ಮಾನಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಂದ ಊರಿನವರೆಲ್ಲ ಮಾತಾಡೋದು ಎಕರೆ, ಗುಂಟೆಯಲ್ಲೇ. ಬೆಂಗಳೂರಲ್ಲಿ ಇರೋ ದೂರದ ನೆಂಟನೊಬ್ಬ ಇಪ್ಪತ್ತು ವರ್ಷದ ಮೇಲೆ ಜಾತ್ರೆಗೆ ಬಂದಿದ್ದನಂತೆ. ಜಾತ್ರೆಗಿಂತ ಉತಾರ ತೆಗೆಸೋದರಲ್ಲೇ ಜಾಸ್ತಿ ಹೊತ್ತು ಕಳೆದ ಅಂತ ಅಪ್ಪ ನಕ್ಕ.

ಹುಡುಗಿ ಕೊನೆಗೆ ಚೌಕದಲ್ಲಿ ಮೂರು ಸಾಲು ಬರೆದಳು. ಪಟ್ಟಿಯಲ್ಲಿ ಇರುವವರು ಇಷ್ಟು. ದಿನಾ ಮಲಗುವವರು ಇಷ್ಟು. ಕಬ್ಬಿನ ಹಂಗಾಮಿನಲ್ಲಿ ಇಷ್ಟು. ಮೊದಲನೇದು ಗಣತಿಯದ್ದು, ಉಳಿದೆರಡು ಅವಳೂ ಅವಳ ಗೆಳತಿಯೂ ಸೈಕಲ್ ಮೇಲೆ ಓಣಿ ಓಣಿ ಸುತ್ತಿ ಬರೆದುಕೊಂಡದ್ದು.

ಹೋದ ವಾರ ಫೋನ್ ಮಾಡಿದ್ದಳು. ಹತ್ತಕ್ಕೆ ಏಳು ಬಂದಿದೆ. ಜನಸಂಖ್ಯೆಯ ಚೌಕದ ಪಕ್ಕ ಕೆಂಪು ಪೆನ್ನಿನಲ್ಲಿ 'ಒಂದೇ ಸಂಖ್ಯೆ ಬರೆಯಿರಿ' ಅಂತ ಇದೆಯಂತೆ. ಯಾವುದನ್ನ ಉಳಿಸಲಿ ಕಾಕಾ ಅಂತ ಕೇಳಿದಳು. ಬೀಡ್‌ನವರು ಬಂದರಾ ಅಂತ ಕೇಳಿದೆ. ನಿನ್ನೆ ರಾತ್ರಿ ಎರಡು ಲಾರಿ ಇಳಿದಾವ ಅಂದಳು.