ಗೋಡೆಯ ಪ್ಲಗ್‌ನಿಂದ ಶುರುವಾದ ಗೇಮಿಂಗ್ ಪಿಸಿ

2024ರ ದಸರಾ ರಜೆಗೆ ಮುಂಚೆ ತಮ್ಮ ಸಾಗರದಿಂದ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಬಂದ. ಜೇಬಿನಲ್ಲಿ ಒಂದು ಪಟ್ಟಿ ಇತ್ತು. ಹೊಸ ಗೇಮಿಂಗ್ ಕಂಪ್ಯೂಟರಿಗೆ ಬೇಕಾದ ಪಾರ್ಟ್ಸ್‌ಗಳದು. ಅಪ್ಪ ಕೊಟ್ಟಿದ್ದು, ನಾನು ಸೇರಿಸಿದ್ದು ಎಲ್ಲ ಕೂಡಿ ಒಂದು ಲಕ್ಷ ರೂಪಾಯಿ. ಮಾನಿಟರ್ ಕೂಡ ಅದರಲ್ಲೇ ಬರಬೇಕು.

ಪಟ್ಟಿಯ ಮೊದಲ ಸಾಲಿನಲ್ಲೇ ಗ್ರಾಫಿಕ್ಸ್ ಕಾರ್ಡ್. ಎಎಂಡಿಯ ಆರ್‌ಎಕ್ಸ್ 7700 ಎಕ್ಸ್‌ಟಿ, 12 ಜಿಬಿ. ಅದಕ್ಕೆ ದುಡ್ಡು ಹೊಂದಿಸಲು ಹಳೆಯ ಎಎಂ4 ಸಾಕೆಟ್‌ನ (ಸಾಕೆಟ್ ಅಂದರೆ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ರೈಜನ್ 5 5600 ಪ್ರೊಸೆಸರ್, ಡಿಡಿಆರ್4 ರ್ಯಾಮ್. ಕೊನೆಯಲ್ಲಿ "ಎಸ್‌ಎಂಪಿಎಸ್ 650 ವ್ಯಾಟ್, ಯಾವುದಾದ್ರೂ" ಅಂತ ಬರೆದಿದ್ದ. ಗೋಡೆಯ ಕರೆಂಟನ್ನು ಪಾರ್ಟ್ಸ್‌ಗಳಿಗೆ ಬೇಕಾದಂತೆ ಬದಲಿಸಿ ಕೊಡುವ ಪೆಟ್ಟಿಗೆ ಅದು. ಕರೆಂಟು ಹೋದಾಗ ಬ್ಯಾಟರಿಯಿಂದ ನಡೆಸುವ ಯುಪಿಎಸ್‌ನ ಹೆಸರೇ ಇರಲಿಲ್ಲ.

ತಿಂಡಿ ತಿನ್ನುತ್ತಾ ಕೇಳಿದೆ, "ಮಳೆಗಾಲದಲ್ಲಿ ನಮ್ಮನೇಲಿ ದಿನಕ್ಕೆ ಎಷ್ಟು ಸಲ ಕರೆಂಟು ಹೋಗುತ್ತೆ?"

"ಲೆಕ್ಕ ಇಡೋಕಾಗಲ್ಲ ಅಕ್ಕಾ. ಹೋಗುತ್ತೆ, ಬರುತ್ತೆ, ಮತ್ತೆ ಹೋಗುತ್ತೆ."

ಹಾಗಾದರೆ ನಾವು ಅಲ್ಲಿಂದಲೇ ಶುರು ಮಾಡಬೇಕು. ಯುಟ್ಯೂಬ್‌ನಲ್ಲಿ ಕಾರ್ಡುಗಳನ್ನು ಹೋಲಿಸುವವರು ಕರೆಂಟು ಸದಾ ಇರುತ್ತೆ ಅಂದುಕೊಂಡೇ ಮಾತಾಡುತ್ತಾರೆ. ಮಲೆನಾಡಿನಲ್ಲಿ ಗಾಳಿ ಮಳೆಗೆ ಮರದ ಕೊಂಬೆ ತಂತಿ ಮೇಲೆ ಬೀಳುತ್ತೆ. ಏಪ್ರಿಲ್, ಮೇ ಬಂದರೆ ಗುಡುಗು ಸಿಡಿಲು. ಆಟದ ಮಧ್ಯೆ ಪಟ್ಟಂತ ಆಫ್ ಆಗುವ ಕಂಪ್ಯೂಟರಿಗೆ ಎಷ್ಟು ದೊಡ್ಡ ಕಾರ್ಡ್ ಹಾಕಿದರೇನು?

ಕೂತು ವ್ಯಾಟ್ ಲೆಕ್ಕ ಹಾಕಿದೆವು. ಅವನು ಬರೆದ ಕಾರ್ಡ್ 245 ವ್ಯಾಟ್‌ನದು. ಅದರ ಜೊತೆ ಪ್ರೊಸೆಸರ್, ಬೋರ್ಡ್, ಫ್ಯಾನ್, ಮಾನಿಟರ್ ಸೇರಿದರೆ ಜೋರು ಆಟದಲ್ಲಿ 380 ವ್ಯಾಟ್ ಹತ್ತಿರ ಬರುತ್ತೆ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿರುವ 600 ಅನ್ನುವುದು ವಿಎ (ವೋಲ್ಟ್-ಆಂಪಿಯರ್), ವ್ಯಾಟ್ ಅಲ್ಲ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಲೋಡ್ ಜಾಸ್ತಿಯಾದರೆ ಕರೆಂಟು ಹೋದ ಕ್ಷಣವೇ ಯುಪಿಎಸ್ ಕೈ ಎತ್ತಿಬಿಡುತ್ತೆ. ಅದೇ ಆರ್‌ಟಿಎಕ್ಸ್ 4060 ಕಾರ್ಡ್ 115 ವ್ಯಾಟ್‌ನದು. ಅದನ್ನು ಹಾಕಿದರೆ ಎಲ್ಲ ಸೇರಿ 250 ವ್ಯಾಟ್ ಆಸುಪಾಸು. ಗೇಮ್ ಸೇವ್ ಮಾಡಿ, ಸರಿಯಾಗಿ ಶಟ್ ಡೌನ್ ಮಾಡಲು ಬೇಕಾದಷ್ಟು ಹೊತ್ತು ಸಿಗುತ್ತೆ.

ತಮ್ಮನ ಮುಖ ಸಣ್ಣದಾಯಿತು. "ಅದ್ರಲ್ಲಿ ಬರೀ 8 ಜಿಬಿ ಮೆಮೊರಿ ಅಲ್ವಾ ಅಕ್ಕಾ?"

ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಈಗಿನ ದೊಡ್ಡ ಗೇಮ್‌ಗಳು 1440ಪಿ ಪರದೆಯಲ್ಲಿ (ಚುಕ್ಕಿಗಳು 1080ಪಿಗಿಂತ ಜಾಸ್ತಿ), ಟೆಕ್ಸ್ಚರ್, ಅಂದರೆ ಚಿತ್ರದ ಮೇಲ್ಮೈ ವಿವರ, ಎಲ್ಲ ಜಾಸ್ತಿ ಇಟ್ಟರೆ, 8 ಜಿಬಿಯನ್ನು ಸುಲಭವಾಗಿ ದಾಟುತ್ತವೆ. ಆದರೆ ಅವನ ಆಟ ಯಾವುದು? ವರ್ಷಪೂರ್ತಿ ಗೆಳೆಯರ ಜೊತೆ ವ್ಯಾಲೊರಂಟ್, ರಜೆಯಲ್ಲಿ ಮಾತ್ರ ಕಥೆಯಿರುವ ದೊಡ್ಡ ಗೇಮ್‌ಗಳು. ವ್ಯಾಲೊರಂಟ್‌ಗೆ ಕಾರ್ಡ್‌ಗಿಂತ ಪ್ರೊಸೆಸರ್ ಮುಖ್ಯ. ಅಂಥ ಆಟಕ್ಕೆ 1080ಪಿ ಮಾನಿಟರೇ ಇರಲಿ, ಸೆಕೆಂಡಿಗೆ 165 ಸಲ ಚಿತ್ರ ಬದಲಿಸುವ 165 ಹರ್ಟ್ಜ್‌ದು ಇರಲಿ ಅಂತ ಒಪ್ಪಿಕೊಂಡೆವು. ಪರದೆಯ ಚುಕ್ಕಿಗಳು ಕಡಿಮೆಯಾದಾಗ 8 ಜಿಬಿಯ ಚಿಂತೆ ಪೂರ್ತಿ ಹೋಗಲಿಲ್ಲ, ಆದರೆ ಕಡಿಮೆಯಾಯಿತು. ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಲು ಅವನೂ ತಯಾರಾದ.

ಕಾರ್ಡಿನಲ್ಲಿ ಉಳಿದ ದುಡ್ಡು ಹೊಸ ಸಾಕೆಟ್ ಎಎಂ5 ಕಡೆ ಹೋಯಿತು. ನನ್ನ ಹಟ ಇದ್ದಿದ್ದು ಇದೊಂದಕ್ಕೇ. ಎಎಂ4 ಒಳ್ಳೆಯ ಸಾಕೆಟ್. 2016ರಲ್ಲಿ ಬಂದ ಆ ಸಾಕೆಟ್‌ಗೆ 2022ರಲ್ಲಿ 5800 ಎಕ್ಸ್3ಡಿಯಂಥ ಪ್ರೊಸೆಸರ್ ಬಂತು. ಹಳೆಯ ಬೋರ್ಡ್ ಇಟ್ಟುಕೊಂಡಿದ್ದ ಎಷ್ಟೋ ಜನ ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಅದನ್ನೇ ಹಾಕಿಕೊಂಡರು. ಅಂಥ ಅನುಕೂಲ ಇನ್ನು ಮುಂದೆ ಸಿಗುವುದು ಎಎಂ5ನವರಿಗೆ. 2027 ಮತ್ತು ಅದರಾಚೆಗೂ ಈ ಸಾಕೆಟ್ ಇರುತ್ತೆ ಅಂತ ಎಎಂಡಿಯೇ ಹೇಳಿದೆ. ಒಂದು ಲಕ್ಷ ಒಟ್ಟುಮಾಡುವುದು ನಮ್ಮಂಥ ಮನೆಯಲ್ಲಿ ಮತ್ತೆ ಮತ್ತೆ ಆಗುವ ಕೆಲಸವಲ್ಲ. ಬೋರ್ಡ್ ಮತ್ತು ರ್ಯಾಮ್ ಹಾಗೇ ಇಟ್ಟುಕೊಂಡು ಪ್ರೊಸೆಸರ್ ಮಾತ್ರ ಬದಲಿಸುವ ದಾರಿ ಇರಬೇಕು.

ಮೆಟ್ರೋ ಹಿಡಿದು ಚಿಕ್ಕಪೇಟೆಯಲ್ಲಿ ಇಳಿದು ಎಸ್‌ಪಿ ರೋಡಿಗೆ ನಡೆದೆವು. ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ಆ ಇಕ್ಕಟ್ಟಿನಲ್ಲಿ ತಳ್ಳುಗಾಡಿ, ಸ್ಕೂಟರ್, ತಲೆ ಮೇಲೆ ಮಾನಿಟರ್ ಡಬ್ಬ ಹೊತ್ತವರು, ಎಲ್ಲರೂ ಒಟ್ಟಿಗೇ ಹೋಗಬೇಕು. ನನಗೆ ಆ ರಸ್ತೆ ತುಂಬಾ ಇಷ್ಟ. ಆನ್‌ಲೈನಿನಲ್ಲಿ ಬೆಲೆ ಮಾತ್ರ ಕಾಣುತ್ತೆ. ಇಲ್ಲಿ ಕ್ಯಾಬಿನೆಟ್ಟಿನ ತಗಡು ಎಷ್ಟು ದಪ್ಪ ಅಂತ ಬೆರಳಿನಿಂದ ಒತ್ತಿ ನೋಡಬಹುದು.

ಮೊದಲ ಅಂಗಡಿಯಲ್ಲಿ ಪ್ರೊಸೆಸರಿಗೆ ಒಳ್ಳೆಯ ರೇಟ್ ಹೇಳಿದರು. ಡಬ್ಬ ತೋರಿಸಿ ಅಂದಾಗ ಬಂದಿದ್ದು ಸಣ್ಣ ಪ್ಲಾಸ್ಟಿಕ್ ಕವರ್. ಟ್ರೇ ಪೀಸ್. ಕೂಲರ್ ಇಲ್ಲ. ಅಂಗಡಿಯವರ ವಾರಂಟಿ ಮಾತ್ರ, ಎಎಂಡಿಯ ವಾರಂಟಿ ಇಲ್ಲ. ಬಿಲ್ ಬೇಡ ಅಂದರೆ ಇನ್ನೂ ಕಡಿಮೆ ಮಾಡ್ತೀವಿ ಅಂದರು. ನಾವು ಹೊರಗೆ ಬಂದೆವು. ಸಾಗರದವರಿಗೆ ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ಲೇ ಆಧಾರ. ಏನಾದರೂ ಕೆಟ್ಟರೆ ಅದನ್ನು ಹಿಡಿದೇ ಸರ್ವಿಸ್ ಸೆಂಟರಿಗೆ ಹೋಗಬೇಕು. 18% ತೆರಿಗೆ ಉಳಿಸುವ ಆಸೆಗೆ ಮೂರು ವರ್ಷದ ವಾರಂಟಿ ಬಿಡುವುದು ನನಗೆ ಯಾವತ್ತೂ ಸರಿ ಅನಿಸಿಲ್ಲ.

ಮುಂದಿನ ಅಂಗಡಿಯಲ್ಲಿ ಸೀಲ್ ಇರುವ ರೈಜನ್ 5 7600 ಸಿಕ್ಕಿತು. ಆರು ಕೋರ್, ಡಬ್ಬದಲ್ಲೇ ಕೂಲರ್. ಅಂಗಡಿಯವರು ಒಂದು ಸಲಹೆ ಕೊಟ್ಟರು, "ಮೇಡಂ, 7500 ಎಫ್ ತಗೊಳ್ಳಿ, ದುಡ್ಡು ಉಳಿಯುತ್ತೆ." ಆಟದಲ್ಲಿ ಅದು ಹೆಚ್ಚು ಕಡಿಮೆ ಇದರಷ್ಟೇ ಓಡುತ್ತೆ, ಅದು ನಿಜ. ಆದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. 7600ರಲ್ಲಿ ಚಿಕ್ಕದಾದರೂ ಒಂದು ಇದೆ. ಕಾರ್ಡ್ ಕೆಟ್ಟು ವಾರಂಟಿಗೆ ಕಳಿಸಿದರೆ ವಾರಗಟ್ಟಲೆ ಕಾಯಬೇಕಾಗಬಹುದು. ಅಷ್ಟು ದಿನವೂ ಅವನ ಕಾಲೇಜಿನ ಕೆಲಸ ನಡೆಯಬೇಕಲ್ಲ! ಹಾಗಾಗಿ 7600ನ್ನೇ ತೆಗೆದುಕೊಂಡೆವು.

4060 ಟಿಐ ತೋರಿಸಿ ತುಂಬಾ ಹೊತ್ತು ಮಾತಾಡಿದರು. ಅದು 160 ವ್ಯಾಟ್. ನಮ್ಮ ಕೈಗೆ ಎಟುಕುವ ಮಾದರಿಯಲ್ಲಿ ಮತ್ತೆ ಅದೇ 8 ಜಿಬಿ. ಬೇಡ ಅಂದೆವು. ರ್ಯಾಮ್ ವಿಚಾರ ಬೇಗ ಮುಗಿಯಿತು. ಡಿಡಿಆರ್5, 6000 ವೇಗದ್ದು, 16 ಜಿಬಿಯ ಎರಡು ಕಡ್ಡಿ. ಒಂದೇ ಕಡ್ಡಿ ಹಾಕಿದರೆ ಡ್ಯುಯಲ್ ಚಾನೆಲ್, ಅಂದರೆ ಎರಡು ದಾರಿಯಲ್ಲಿ ಒಟ್ಟಿಗೆ ಓಡುವ ಅನುಕೂಲ, ಹೋಗಿ ಆಟ ನಿಧಾನವಾಗುತ್ತೆ. ಗೇಮ್, ಫೈಲು ಇಡಲು 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಒಂದು. ಬೋರ್ಡ್ ಬಿ650, ವೈಫೈ ಇರುವುದು.

ಜಾಸ್ತಿ ಹೊತ್ತು ಹಿಡಿದಿದ್ದು ಎಸ್‌ಎಂಪಿಎಸ್‌ಗೆ. ಬಹಳ ಜನ 80 ಪ್ಲಸ್ ಗೋಲ್ಡ್ ಸ್ಟಿಕ್ಕರ್ ನೋಡಿ ಸಮಾಧಾನ ಪಡುತ್ತಾರೆ. ಆ ಸ್ಟಿಕ್ಕರ್ ಹೇಳುವುದು ಕರೆಂಟು ಎಷ್ಟು ಪೋಲಾಗುತ್ತೆ ಅಂತ ಮಾತ್ರ. ವೋಲ್ಟೇಜ್ ಏರಿದಾಗ, ಶಾರ್ಟ್ ಆದಾಗ ಅದು ಉಳಿದ ಪಾರ್ಟ್ಸ್ ಕಾಪಾಡುತ್ತಾ ಇಲ್ಲವಾ ಅನ್ನುವುದು ಬೇರೆ ಪರೀಕ್ಷೆ. ಒಂದು ವಾರದಿಂದ ಓದಿದ್ದ ರಿವ್ಯೂಗಳಿಂದ ನಂಬಿಕೆ ಬಂದ 650 ವ್ಯಾಟಿನ ಎರಡು ಮಾದರಿ ಬರೆದುಕೊಂಡಿದ್ದೆ. ಅದರಲ್ಲಿ ಒಂದು ಸಿಕ್ಕಿತು.

ಕ್ಯಾಬಿನೆಟ್ ಮಾತ್ರ ತಮ್ಮನ ಆಯ್ಕೆ. ಮುಂದೆ ಗಾಜಿದ್ದು ಬಣ್ಣದ ದೀಪ ಉರಿಯುವುದನ್ನು ಆಸೆಯಿಂದಲೇ ನೋಡಿದ. ಆಮೇಲೆ ಜಾಲರಿ ಮುಖದ, ಫಿಲ್ಟರ್ ಇರುವುದನ್ನು ತೋರಿಸಿದ. "ಇದಾದ್ರೆ ಗಾಳಿ ಆಡುತ್ತೆ, ಹಲ್ಲಿನೂ ಒಳಗೆ ಹೋಗಲ್ಲ." ಹಂಚಿನ ಮನೆಯಲ್ಲಿ ಬೆಳೆದವನಿಗೆ ಮಾತ್ರ ಹೊಳೆಯುವ ಮಾತು ಅದು, ನನಗೆ ಹೆಮ್ಮೆಯಾಯಿತು. ಹಿಂದಿನ ಸ್ಲಾಟ್‌ಗಳನ್ನು ಮುಚ್ಚುವ ತಗಡಿನ ಪಟ್ಟಿ ಮುರಿದು ತೆಗೆಯುವಂಥದ್ದಲ್ಲ, ತಿರುಪು ಬಿಚ್ಚಿ ಮತ್ತೆ ಹಾಕುವಂಥದ್ದು ಅನ್ನುವುದನ್ನೂ ಅವನೇ ನೋಡಿಕೊಂಡ.

ಅಂಗಡಿಯಲ್ಲೇ ಅಸೆಂಬಲ್ ಮಾಡಿಸಿದೆವು. ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪು. ತಮ್ಮ ನನ್ನ ಕೈ ಹಿಡಿದುಕೊಂಡ. ಡಿಡಿಆರ್5 ಬೋರ್ಡುಗಳು ಮೊದಲ ಸಲ ರ್ಯಾಮ್ ಜೊತೆ ಹೊಂದಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತವೆ. ಆಗ ಗಾಬರಿಯಿಂದ ಸ್ವಿಚ್ ಆಫ್ ಮಾಡಬಾರದು. ಕಾದೆವು, ಬಂತು. ಬಯಾಸ್‌ಗೆ ಹೋಗಿ ರ್ಯಾಮಿನ ವೇಗದ ಸೆಟ್ಟಿಂಗ್ ಆದ ಎಕ್ಸ್‌ಪೋ ಆನ್ ಮಾಡಿದೆವು. ಇಲ್ಲದಿದ್ದರೆ 6000ದ ರ್ಯಾಮ್ ಆ ವೇಗಕ್ಕೆ ಏರುವುದೇ ಇಲ್ಲ.

ಕೊನೆಗೆ ನಾನು ಒಂದು ಕೇಳಿಕೊಂಡೆ. ನಾವು ಕೊಳ್ಳಲಿದ್ದ ಯುಪಿಎಸ್ ಮಾದರಿಯೇ ಅಂಗಡಿಯಲ್ಲಿ ಬಳಕೆಯಲ್ಲಿತ್ತು. ಇಂಥ ಕಡಿಮೆ ಬೆಲೆಯವು ಬ್ಯಾಟರಿಗೆ ಹೋದಾಗ ನಯವಾದ ಅಲೆಯ ಬದಲು ಮೆಟ್ಟಿಲು ಮೆಟ್ಟಿಲಾದ ಅಲೆ ಕೊಡುತ್ತವೆ. ಕೆಲವು ಎಸ್‌ಎಂಪಿಎಸ್‌ಗಳು ಅದನ್ನು ಒಪ್ಪದೆ ಆಫ್ ಆಗುತ್ತವೆ. ಆದ್ದರಿಂದ ನಮ್ಮ ಪಿಸಿ, ಮಾನಿಟರ್ ಎರಡನ್ನೂ ಅದಕ್ಕೆ ಹಾಕಿ, ಗ್ರಾಫಿಕ್ಸ್ ಟೆಸ್ಟ್ ಓಡುತ್ತಿರುವಾಗಲೇ ಗೋಡೆಯ ಸ್ವಿಚ್ ಆಫ್ ಮಾಡಿ ಅಂದೆ. ಅಂಗಡಿಯವರು ಒಮ್ಮೆ ನನ್ನ ಮುಖ ನೋಡಿ ಸ್ವಿಚ್ ಒತ್ತಿದರು. ಯುಪಿಎಸ್ ಬೀಪ್ ಅಂತ ಕೂಗಿತು. ಪರದೆಯ ಮೇಲಿನ ಚಿತ್ರ ಅಲುಗಾಡಲಿಲ್ಲ. "ಎಲ್ಲರೂ ಎಫ್‌ಪಿಎಸ್, ಅಂದ್ರೆ ಸೆಕೆಂಡಿಗೆ ಎಷ್ಟು ಚಿತ್ರ ಅಂತ ಕೇಳ್ತಾರೆ ಮೇಡಂ, ಇದನ್ನ ಯಾರೂ ಕೇಳಲ್ಲ" ಅಂದರು.

ಊರಿಗೆ ಹೊರಡುವ ಮುಂಚೆ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿಸಿ ಅದರ ಡಬ್ಬಕ್ಕೇ ಹಾಕಿಸಿದೆವು. ದಾರಿಯ ಕುಲುಕಾಟಕ್ಕೆ ಸ್ಲಾಟ್ ಮುರಿದರೆ ಯಾವ ವಾರಂಟಿಯೂ ಕೇಳುವುದಿಲ್ಲ. ಮನೆಯಲ್ಲಿ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿದ ಮೇಲೆಯೇ ಪ್ಲಗ್ ಹಾಕು ಅಂತ ತಮ್ಮನಿಗೆ ಹೇಳಿ ಕಳಿಸಿದೆ. ಹಾಗೆಯೇ ಮಾಡಿದ. ಸಿಡಿಲು ಕೇಳಿಸಿದರೆ ಈಗ ಅಪ್ಪನೇ ಎದ್ದು ಪಿಸಿಯ ಪ್ಲಗ್ ಜೊತೆ ರೂಟರ್‌ನ ಕೇಬಲ್ಲನ್ನೂ ಕೀಳುತ್ತಾರೆ. ಬೋರ್ಡಿನಲ್ಲಿ ಎಸ್‌ಎಸ್‌ಡಿ ಕೂರಿಸುವ ಇನ್ನೊಂದು ಎಂ.2 ಸ್ಲಾಟ್ ಖಾಲಿ ಇದೆ. ತಮ್ಮ ಅದಕ್ಕೆ ಈಗಾಗಲೇ ದುಡ್ಡು ಕೂಡಿಡುತ್ತಿದ್ದಾನೆ.