ಬಚ್ಚಲ ಹಿಂದಿನ ಸೂಜಿಮೆಣಸು

ತವರಿನಿಂದ ಅತ್ತಿಗೆ ಫೋನು ಮಾಡಿದ್ದರು. ಹೊಸ ಬಚ್ಚಲುಮನೆಯ ಟೈಲ್ಸಿನ ಬಣ್ಣ, ನಲ್ಲಿಯ ನಮೂನೆ, ಮೇಸ್ತ್ರಿ ಕೈಕೊಟ್ಟ ದಿನಗಳ ಲೆಕ್ಕ ಎಲ್ಲ ಮುಗಿದ ಮೇಲೆ, ಇನ್ನೇನು ಇಡುತ್ತೇನೆ ಎನ್ನುವಾಗ, "ಅಂದ ಹಾಗೆ ಹಿಂದಿದ್ದ ಸೂಜಿಮೆಣಸಿನ ಗಿಡ ಜೆಸಿಬಿ ಪಾಲಾಯಿತು" ಎಂದರು. ಗುಂಡಿ ತೋಡುವಾಗ ಮಣ್ಣಿನ ಜೊತೆಗೆ ಮಗುಚಿಕೊಂಡಿತಂತೆ. "ಬೀಜ ಇಟ್ಟಿದ್ದೀರಾ ಅತ್ತಿಗೆ?" ಎಂದು ಕೇಳಿದೆ. "ಅದರ ಬೀಜ ಯಾರು ಇಡುತ್ತಾರೆ? ಅದು ತಾನೇ ಹುಟ್ಟುವುದಲ್ಲವೇ" ಎಂದರು.

ಸರಿಯಾದ ಮಾತೇ. ಬದನೆ, ಬೆಂಡೆ, ಮೊಗೆಕಾಯಿಯ ಬೀಜವನ್ನು ಅಮ್ಮ ಬೂದಿಯಲ್ಲಿ ಹೊರಳಿಸಿ, ಒಣಗಿಸಿ, ಸೀಸೆಯಲ್ಲಿ ತುಂಬಿ ನಾಗಂದಿಗೆಯ ಮೇಲೆ ಇಡುತ್ತಿದ್ದಳು. ಸೂಜಿಮೆಣಸಿಗೆ ಆ ಮರ್ಯಾದೆ ಸಿಗಲಿಲ್ಲ. ಹೊಸನಗರ ತಾಲ್ಲೂಕಿನ ನಮ್ಮ ಮನೆಯ ಹಿಂದೆ, ಬಚ್ಚಲ ನೀರು ಹರಿಯುವಲ್ಲಿ, ಬೂದಿಗುಂಡಿಯ ಪಕ್ಕದಲ್ಲಿ ಸೊಂಟದೆತ್ತರದ ಒಂದು ಗಿಡ ಯಾವಾಗಲೂ ಇರುತ್ತಿತ್ತು. ಒಂದು ಮುದಿಯಾಗಿ ಸತ್ತರೆ ಎರಡು ಮಾರು ಆಚೆ ಇನ್ನೊಂದು ಎದ್ದಿರುತ್ತಿತ್ತು. ಅಪ್ಪೆಹುಳಿಗೆ ಒಗ್ಗರಣೆ ಹಾಕುವ ಹೊತ್ತಿಗೆ "ನಾಲ್ಕು ಸೂಜಿಮೆಣಸು ಕೊಯ್ದುಕೊಂಡು ಬಾ" ಎಂದರೆ ಕತ್ತಲಲ್ಲೂ ಕೈ ಅಲ್ಲಿಗೇ ಹೋಗುತ್ತಿತ್ತು. ಹೆಚ್ಚಿಗೆ ಸಿಕ್ಕಿದ್ದನ್ನು ಉಪ್ಪು ಬೆರೆಸಿದ ನಿಂಬೆರಸದಲ್ಲಿ ಮುಳುಗಿಸಿಟ್ಟರೆ ಮಳೆಗಾಲದ ಗಂಜಿಗೆ ಬೇರೆ ಏನೂ ಬೇಡ.

ನಾನು ಶಿವಮೊಗ್ಗದ ಪ್ರೌಢಶಾಲೆಯೊಂದರಲ್ಲಿ ಲೆಕ್ಕ ಕಲಿಸುವವಳು. ಸಸ್ಯಶಾಸ್ತ್ರ ಪಿಯುಸಿಗೇ ಮುಗಿದಿದೆ. ಆದರೂ ಆ ಗಿಡ ಮತ್ತೆ ಬೇಕೆಂಬ ಹಟ ಹಿಡಿಯಿತು. ಒಂದು ಮೆಣಸಿನ ಬೀಜ ತಾನೇ, ಸಿಗದೆ ಎಲ್ಲಿ ಹೋಗುತ್ತದೆ ಎಂದುಕೊಂಡಿದ್ದೆ.

ಮೊದಲು ಸಂತೆಗೆ ಹೋದೆ. ಒಣಗಿದ ಸೂಜಿಮೆಣಸು ಪಾವಿನ ಲೆಕ್ಕದಲ್ಲಿ ಸಿಕ್ಕಿತು. ಒಡೆದು, ಬೀಜ ಉದುರಿಸಿ, ಮೂರು ಟ್ರೇ ತುಂಬ ಬಿತ್ತಿದೆ. ನಲವತ್ತು ದಿನ ನೀರು ಚಿಮುಕಿಸಿದರೂ ಒಂದೇ ಒಂದು ಮೊಳಕೆ ಬರಲಿಲ್ಲ. ಮುಂದಿನ ವಾರ ಹೋಗಿ ಮಾರುವಾಕೆಯನ್ನು ಕೇಳಿದರೆ, "ಇದು ಮಳೆಗಾಲದ್ದು ಅಮ್ಮ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ್ದು. ಬಿತ್ತಲಿಕ್ಕೆ ಅಂತ ಹೇಳಬೇಕಿತ್ತಲ್ಲ" ಎಂದಳು. ಬೆಂಕಿಯ ಕಾವಿನಲ್ಲಿ ಬೀಜದ ಜೀವ ಹೋಗಿತ್ತು. ಖಾರ ಮಾತ್ರ ಹಾಗೆಯೇ ಇತ್ತು. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಎರಡನೆಯದು ಆನ್‌ಲೈನ್ ಪೊಟ್ಟಣ. ಇಪ್ಪತ್ತು ಬೀಜಕ್ಕೆ ನೂರ ಎಂಬತ್ತು ರೂಪಾಯಿ. ಚಿತ್ರದಲ್ಲಿ ಅಚ್ಚುಕಟ್ಟಾಗಿ ನಮ್ಮದೇ ಸೂಜಿಮೆಣಸು. ಹದಿನಾಲ್ಕು ಹುಟ್ಟಿದವು. ಮೂರು ತಿಂಗಳಲ್ಲಿ ಗೇಣುದ್ದದ ಗಿಡಗಳಾಗಿ, ನೆತ್ತಿಯ ಮೇಲೆ ಗೊಂಚಲು ಗೊಂಚಲಾಗಿ ಕಾಯಿ ಎತ್ತಿ ನಿಂತವು. ಮೊದಲು ನೇರಳೆ, ಆಮೇಲೆ ಹಳದಿ, ಆಮೇಲೆ ಕೆಂಪು. ನೋಡಲು ಚೆಂದ. ಕೊಯ್ಯಲು ಹೋದರೆ ತೊಟ್ಟಿನ ಸಮೇತ ಕಿತ್ತುಬರುತ್ತಿತ್ತು. ಅಲ್ಲಿಯೇ ನನಗೆ ಅನುಮಾನ ಬಂದದ್ದು. ನಮ್ಮ ಬಚ್ಚಲ ಹಿಂದಿನ ಹಣ್ಣು ಹಾಗಲ್ಲ. ಕೆಂಪಾದ ಮೇಲೆ ಮುಟ್ಟಿದರೆ ಸಾಕು, ಹಸಿರು ಟೋಪಿಯನ್ನು ಗಿಡದಲ್ಲಿಯೇ ಬಿಟ್ಟು ಹಣ್ಣು ಮಾತ್ರ ಕೈಗೆ ಬೀಳುತ್ತದೆ. ಹಕ್ಕಿಗಳಿಗೆ ಅನುಕೂಲವಾಗುವಂತೆ ಕಾಡುಮೆಣಸುಗಳು ಉಳಿಸಿಕೊಂಡ ಗುಣ ಅದು. ಮನುಷ್ಯ ಸಾಕಿದ ತಳಿಗಳಲ್ಲಿ ಉದುರದ ಕಾಯನ್ನೇ ಆರಿಸಿ ಆರಿಸಿ ಆ ಗುಣ ಕಳೆದುಹೋಗಿದೆ.

ಹೆಸರು ಹಿಡಿದು ಹುಡುಕಿದರೆ ಆಗುವುದೇ ಹೀಗೆ. ನಮ್ಮಲ್ಲಿ ಸೂಜಿಮೆಣಸು, ಇನ್ನು ಕೆಲವೆಡೆ ಜೀರಿಗೆಮೆಣಸು, ಕರಾವಳಿಯಲ್ಲಿ ಗಾಂಧಾರಿ, ಕೊಡಗಿನಲ್ಲಿ ಪರಂಗಿ ಮಾಲು. ಕೊಡವರ ಹೆಸರೇ ನನಗೆ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ, ಏಕೆಂದರೆ ಪರಂಗಿ ಎಂದರೆ ಪರದೇಶಿ. ಮೆಣಸಿನಕಾಯಿ ಅಮೆರಿಕ ಖಂಡದ್ದು. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರ ಕಾಲದಲ್ಲಿ ನಮ್ಮ ಕಡಲಂಚಿಗೆ ಬಂದದ್ದು. ದಕ್ಷಿಣ ಕನ್ನಡದವರು ಕಾಳುಮೆಣಸನ್ನು ಈಗಲೂ "ಒಳ್ಳೆಮೆಣಸು" ಎನ್ನುತ್ತಾರೆ. ಹಾಗಾದರೆ ಕಡಲು ದಾಟಿ ಬಂದದ್ದು ಎಂಥ ಮೆಣಸು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ! ಆದ್ದರಿಂದ ನಮ್ಮದನ್ನು ಕಾಡುಮೆಣಸು ಎನ್ನುವುದೂ ಪೂರ್ತಿ ನಿಜವಲ್ಲ. ಬಂದ ನೆಂಟ ಹಿತ್ತಿಲಿಗೆ ಇಳಿದು, ಅಲ್ಲಿಂದ ಬೇಲಿ ಹಾರಿ ಮನೆಮಾಡಿಕೊಂಡದ್ದು.

ವಿಜ್ಞಾನಿಗಳ ಹೆಸರುಗಳೂ ಏನು ಕಡಿಮೆಯಿಲ್ಲ. ಲಿನೇಯಸ್ 1753ರಲ್ಲಿ ಒಂದಕ್ಕೆ ಕ್ಯಾಪ್ಸಿಕಂ ಆನ್ಯುಅಮ್ ಎಂದ, ಅಂದರೆ ವರ್ಷಕ್ಕೊಮ್ಮೆ ಮುಗಿಯುವುದು. ಚಳಿ ತಾಗದಿದ್ದರೆ ಅದು ಹಲವು ವರ್ಷ ಬದುಕುತ್ತದೆ. ಇನ್ನೊಂದಕ್ಕೆ ಫ್ರುಟೆಸೆನ್ಸ್ ಎಂದ, ಪೊದೆಯಾಗುವುದು. ಮುಂದೆ ಜಾಕ್ವಿನ್ ಎಂಬಾತ ಮೂರನೆಯದಕ್ಕೆ ಚೈನೆನ್ಸ್ ಎಂದು ಹೆಸರಿಟ್ಟ. ಚೀನಾಕ್ಕೂ ಅದರ ಹುಟ್ಟಿಗೂ ಸಂಬಂಧವೇ ಇಲ್ಲ, ಅದೂ ಅಮೆರಿಕದ್ದೇ.

ಗಿಡ ಗುರುತಿಸಲು ಕಾಯಿ ನೋಡುವುದನ್ನು ಬಿಟ್ಟು ಹೂವು ನೋಡಬೇಕು ಎಂದು ಹೇಳಿಕೊಟ್ಟವರು ನಮ್ಮ ಶಾಲೆಯ ಜೀವಶಾಸ್ತ್ರದ ಮೇಡಂ. ಕಾಯಿ ಉದ್ದವೋ ಗಿಡ್ಡವೋ, ಮೇಲಕ್ಕೆ ನಿಂತಿದೆಯೋ ಜೋತಿದೆಯೋ ಎಂಬುದು ಒಂದೇ ಜಾತಿಯೊಳಗೆ ನೂರು ಬಗೆಯಾಗುತ್ತದೆ; ಹೂವು ಅಷ್ಟು ಸುಳ್ಳು ಹೇಳುವುದಿಲ್ಲವಂತೆ. ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಆನ್‌ಲೈನ್ ಗಿಡದ ಒಂದು ರೆಂಬೆಯನ್ನು ಬಿಳಿ ಹಾಳೆಯ ಮೇಲೆ ಇಟ್ಟುಕೊಂಡು ಇಬ್ಬರೂ ಕುಳಿತೆವು. ಒಂದು ಗೆಣ್ಣಿಗೆ ಒಂದೇ ಹೂವು, ಎಸಳು ಹಾಲಿನಷ್ಟು ಬಿಳಿ. ಅಲ್ಲಿಗೆ ಅದು ಆನ್ಯುಅಮ್, ಅಂದರೆ ಬ್ಯಾಡಗಿ, ಗುಂಟೂರುಗಳ ಕುಲದ್ದು. ಫ್ರುಟೆಸೆನ್ಸ್ ಆಗಿದ್ದರೆ ಎಸಳಿನಲ್ಲಿ ತಿಳಿಹಸಿರು ಇರಬೇಕು, ಹಲವು ಗೆಣ್ಣುಗಳಲ್ಲಿ ಎರಡೆರಡು ಹೂವು ಇರಬೇಕು, ತೊಟ್ಟು ನೆಟ್ಟಗೆ ನಿಂತು ಹೂವು ಮಾತ್ರ ಕತ್ತು ಬಗ್ಗಿಸಿರಬೇಕು. ಚೈನೆನ್ಸಿನಲ್ಲಿಯೂ ಗೆಣ್ಣಿಗೆ ಹಲವು ಹೂವು ಬರುತ್ತವೆ. ಆದರೆ ಅದರ ಟೋಪಿ ತೊಟ್ಟಿಗೆ ಸೇರುವಲ್ಲಿ ದಾರ ಬಿಗಿದ ಹಾಗೆ ಒಂದು ಸುತ್ತು ಹಿಸುಕಿದ ಗುರುತು ಇರುತ್ತದೆ. ನನ್ನ ನೂರ ಎಂಬತ್ತು ರೂಪಾಯಿ ಹೋದರೂ ಒಂದು ಪಾಠ ಬಂತು.

ಬೇಸಿಗೆ ರಜೆಗೆ ತವರಿಗೆ ಹೋದಾಗ ಅಕ್ಕಪಕ್ಕದ ನಾಲ್ಕು ಮನೆ ಸುತ್ತಿದೆ. ಎಲ್ಲ ಕಡೆಯೂ ಒಂದೇ ಮಾತು: "ಇತ್ತು, ಈಗ ಇಲ್ಲ." ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದವರು ಇಬ್ಬರು, ಬೇಲಿ ತೆಗೆದು ಕಾಂಪೌಂಡ್ ಕಟ್ಟಿದವರು ಒಬ್ಬರು. ಸೋತು ಹಿಂದಿನ ಜಗಲಿಯಲ್ಲಿ ಕುಳಿತಿದ್ದಾಗ ಬಟ್ಟೆ ಒಣಹಾಕುವ ತಂತಿಯ ಮೇಲೆ ಒಂದು ಜೋಡಿ ಪಿಕಳಾರ ಬಂದು ಕುಳಿತವು. ಹಿಕ್ಕೆ ಹಾಕಿ ಹಾರಿದವು. ತೋಟದ ಕೆಲಸಕ್ಕೆ ಬರುವ ಅಕ್ಕ, "ಅಮ್ಮ, ಹೊಲದಲ್ಲಿ ಹುಡುಕಿದರೆ ಸಿಗುವುದಿಲ್ಲ, ಅವು ಕೂರುವ ಬುಡದಲ್ಲಿ ಹುಡುಕಿ" ಎಂದರು.

ಮೆಣಸಿನ ಖಾರ ಹಕ್ಕಿಗೆ ತಿಳಿಯುವುದೇ ಇಲ್ಲ. ನಮ್ಮ ಬಾಯಲ್ಲಿ ಬಿಸಿಯನ್ನು ಗುರುತಿಸುವ ಒಂದು ಗ್ರಾಹಕವಿದೆ; ಖಾರದ ಸತ್ವವಾದ ಕ್ಯಾಪ್ಸೈಸಿನ್ ಅದನ್ನೇ ತಟ್ಟಿ ಎಬ್ಬಿಸುವುದರಿಂದ ಸುಟ್ಟಂತಾಗುತ್ತದೆ. ಆ ಗ್ರಾಹಕವನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿತು. ಹಕ್ಕಿಗಳಲ್ಲಿರುವ ಅದೇ ಗ್ರಾಹಕವನ್ನು ಕ್ಯಾಪ್ಸೈಸಿನ್ ತಟ್ಟುವುದಿಲ್ಲ. ಇಲಿ ಅಗಿದರೆ ಬೀಜ ಪುಡಿ. ಪಿಕಳಾರ ನುಂಗಿದರೆ ಬೀಜ ಇಡಿಯಾಗಿ ಇನ್ನೊಂದು ಬುಡಕ್ಕೆ.

ತಂತಿಯ ಕೆಳಗೆ ಕುಕ್ಕರುಗಾಲಿನಲ್ಲಿ ಕುಳಿತು ನೋಡಿದೆ. ಐದು ಪುಟ್ಟ ಸಸಿಗಳು, ನಾಲ್ಕಾರು ಎಲೆಯವು. ಕುಣಿದಾಡುವಷ್ಟು ಖುಷಿ! ಮಣ್ಣಿನ ಹೆಂಟೆ ಸಮೇತ ಎಬ್ಬಿಸಿ, ಹಾಳೆಕೊಟ್ಟೆಯಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ತೊಡೆಯ ಮೇಲೆ ಹೊತ್ತು ತಂದೆ. ಹದಿನೈದು ದಿನದಲ್ಲಿ ಮೂರರ ಎಲೆಯ ಅಂಚು ಒಡ್ಡೊಡ್ಡಾಗಿ ಅಲೆಯಲೆಯಾಯಿತು, ಮೇಲೆ ಸಣ್ಣ ರೋಮ ಬಂತು. ಗಣಿಕೆ! ಅದೂ ಮೆಣಸಿನ ಕುಟುಂಬದ್ದೇ, ಪಿಕಳಾರ ಅದರ ಹಣ್ಣನ್ನೂ ಬಿಡುವುದಿಲ್ಲ. ಆ ಮೂರನ್ನು ಬೆಳೆಸಿ ತಂಬುಳಿ ಮಾಡಿದೆವು, ಚೆನ್ನಾಗಿತ್ತು. ಉಳಿದ ಎರಡರ ಎಲೆ ಮಾತ್ರ ನುಣುಪಾಗಿ, ಅಂಚು ಸಪಾಟಾಗಿ, ತುದಿ ಚೂಪಾಗಿಯೇ ಇತ್ತು.

ಮಾಳಿಗೆಯ ಕುಂಡದಲ್ಲಿ ಮೊದಲ ಹೂವು ಅರಳಿದ್ದು ಒಂದು ಭಾನುವಾರ. ಹಲ್ಲುಜ್ಜುತ್ತಲೇ ಹೋಗಿ ಭೂತಗನ್ನಡಿ ಹಿಡಿದೆ. ಗೆಣ್ಣಿನಲ್ಲಿ ಎರಡು ಹೂವು. ಎಸಳು ಮಜ್ಜಿಗೆಗೆ ಒಂದೆರಡು ಹನಿ ಸೊಪ್ಪಿನ ರಸ ಬಿದ್ದ ಬಣ್ಣ. ನಡುವೆ ನೀಲಿ ಛಾಯೆಯ ಪರಾಗಕೋಶಗಳು. ತೊಟ್ಟು ನೆಟ್ಟಗೆ, ಕತ್ತು ಕೆಳಗೆ. ಹಿಸುಕಿದ ಸುತ್ತು ಇಲ್ಲ. ಮೇಡಂಗೆ ಫೋಟೋ ಕಳುಹಿಸಿದೆ. "ಫ್ರುಟೆಸೆನ್ಸ್, ನೂರಕ್ಕೆ ನೂರು" ಎಂದು ಉತ್ತರ ಬಂತು. ಲೆಕ್ಕದವಳಿಗೆ ಜೀವಶಾಸ್ತ್ರದವರು ಕೊಟ್ಟ ಅಂಕ ಎಂದುಕೊಂಡು ಇಟ್ಟುಕೊಂಡಿದ್ದೇನೆ.

ಬೀಜ ತೆಗೆಯುವವರಿಗೆ ಒಂದು ಮಾತು. ಸಂತೆಯ ಮೆಣಸನ್ನು ಬರಿಗೈಯಲ್ಲಿ ಒಡೆದ ದಿನ ನಾನು ಕಣ್ಣು ಉಜ್ಜಿಕೊಂಡಿದ್ದೆ. ಅರ್ಧ ಗಂಟೆ ನಲ್ಲಿಯ ಕೆಳಗೆ ಮುಖ ಹಿಡಿದದ್ದೇ ಬಂತು. ಬೆರಳಿನ ಉರಿ ಮಾತ್ರ ರಾತ್ರಿಯವರೆಗೂ ಇಳಿಯಲಿಲ್ಲ. ಕ್ಯಾಪ್ಸೈಸಿನ್ ನೀರಿಗೆ ಬಗ್ಗುವುದಿಲ್ಲ, ಎಣ್ಣೆಗೆ ಬಗ್ಗುತ್ತದೆ. ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿ ಆಮೇಲೆ ಸೋಪು ಹಾಕಬೇಕು. ಖಾರ ಬೀಜದಲ್ಲಿದೆ ಎಂಬುದೂ ತಪ್ಪು. ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ ಅದು ತುಂಬಿರುತ್ತದೆ. ಈ ಸಲ ಪ್ಲಾಸ್ಟಿಕ್ ಚೀಲ ಕೈಗೆ ಸುತ್ತಿಕೊಂಡು, ಪೂರ್ತಿ ಕೆಂಪಾಗಿ ಮೆತ್ತಗಾದ ಹಣ್ಣುಗಳನ್ನು ಮಾತ್ರ ಹಿಸುಕಿದೆ. ಒಂದರಲ್ಲಿ ಹನ್ನೊಂದು ಬೀಜ, ಇನ್ನೊಂದರಲ್ಲಿ ಹದಿನಾಲ್ಕು, ಒಂದು ಬಡಪಾಯಿಯಲ್ಲಿ ಆರೇ. ತೊಳೆದು, ಬಿಸಿಲಿಗೆ ಇಡದೆ ನೆರಳಿನಲ್ಲಿ ಒಂದು ವಾರ ಆರಿಸಿದೆ. ಪರೀಕ್ಷೆಗೆಂದು ಇಪ್ಪತ್ತು ಬಿತ್ತಿದೆ. ಹತ್ತೊಂಬತ್ತನೆಯ ದಿನ ಮೊದಲನೆಯದು ಮಣ್ಣು ಎತ್ತಿತು, ತಿಂಗಳು ತುಂಬುವಾಗ ಹದಿಮೂರು ಆದವು. ಈ ಜಾತಿ ನಿಧಾನ. ಹತ್ತು ದಿನಕ್ಕೆ ಬೇಸರಪಟ್ಟು ಟ್ರೇ ಮಗುಚಬೇಡಿ.

ದೀಪಾವಳಿಗೆ ಹೋದಾಗ ಅತ್ತಿಗೆಗೆ ನೂರು ಬೀಜ ಎಣಿಸಿ ಪೊಟ್ಟಣ ಕಟ್ಟಿಕೊಟ್ಟೆ. ಮೇಲೆ ಹೆಸರು, ತಾರೀಕು, ಬಿತ್ತುವ ಆಳ, ನೀರಿನ ಪ್ರಮಾಣ ಎಲ್ಲ ಬರೆದಿದ್ದೆ. ಅವರು ಹಿತ್ತಿಲ ಬಾಗಿಲಲ್ಲಿ ನಿಂತು ಪೊಟ್ಟಣ ಬಿಚ್ಚಿ, ಅಷ್ಟನ್ನೂ ಅಂಗೈಗೆ ಸುರಿದುಕೊಂಡು, ಹೊಸ ಬಚ್ಚಲುಮನೆಯ ಹಿಂದಕ್ಕೆ ಕೋಳಿಗೆ ಅಕ್ಕಿ ಎರಚಿದಂತೆ ಎರಚಿಬಿಟ್ಟರು. ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟು, "ಬನ್ನಿ, ಕಾಫಿ ಆರುತ್ತದೆ" ಎಂದರು.