ರಕ್ತದ ರಿಪೋರ್ಟ್ ನಾರ್ಮಲ್ ಬಂದ ದಿನ

ಹೋದ ವರ್ಷ ಕಬ್ಬು ಕಡಿಯುವ ಹೊತ್ತಿಗೆ, ಸ್ನಾನ ಮಾಡುವಾಗ ಬಲಗಡೆ ಬೀಜದಲ್ಲಿ ಗಟ್ಟಿ ಗಂಟೊಂದು ಕೈಗೆ ಹತ್ತಿತು. ಸಣ್ಣ ಅಡಿಕೆಯಷ್ಟು. ಒತ್ತಿದರೂ ನೋವಿಲ್ಲ. ನೋವಿಲ್ಲ ಅಂದಮೇಲೆ ಏನೂ ಇರಲ್ಲ ಅಂದುಕೊಂಡೆ, ಎರಡು ತಿಂಗಳು ಹೆಂಡತಿಗೂ ಹೇಳಲಿಲ್ಲ. ನನಗೀಗ 33. ಬೀಜದ (ವೃಷಣದ) ಕ್ಯಾನ್ಸರ್ ಅಪರೂಪ, ಆದರೆ ಬಂದರೆ ಜಾಸ್ತಿ ಬರುವುದು 15ರಿಂದ 40ರ ಒಳಗಿನವರಿಗೆ, ಅದೂ ಹೆಚ್ಚಾಗಿ ನೋವಿಲ್ಲದ ಗಂಟಾಗಿ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ!

ಬಾಗಲಕೋಟೆಯಲ್ಲಿ ಮೊದಲು ತೋರಿಸಿದ ಡಾಕ್ಟರು ಮುಟ್ಟಿ ನೋಡಲಿಲ್ಲ. ಇನ್ಫೆಕ್ಷನ್ ಅಂದು ಮೂರು ವಾರ ಗುಳಿಗೆ ಕೊಟ್ಟರು. ಗಂಟು ಹಾಗೇ ಇತ್ತು. ಆಮೇಲೆ ನವನಗರದಲ್ಲಿ ಸ್ಕ್ಯಾನ್ ಮಾಡಿಸಿದೆ. ಬೀಜದ ಒಳಗೇ 2.2 ಸೆಂಟಿಮೀಟರ್ ಕಪ್ಪು ಭಾಗ, ಅದರಲ್ಲಿ ರಕ್ತ ಓಡಾಡುತ್ತಿದೆ ಅಂತ ಬರೆದಿದ್ದರು. ರಕ್ತದಲ್ಲಿ ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಅಂತ, ಈ ಕ್ಯಾನ್ಸರ್ ಇದ್ದರೆ ಏರಬಹುದಾದ ಮೂರು ಅಂಶಗಳ ಟೆಸ್ಟ್. ಮೂರೂ ನಾರ್ಮಲ್! ಅವತ್ತೇ ಅಮೀನಗಡದ ಕರದಂಟು ತಂದು ಮನೆಯಲ್ಲಿ ಹಂಚಿದೆ. ಅವ್ವ ದೇವರ ಮುಂದೆ ದೀಪ ಹಚ್ಚಿದಳು.

ನಾಲ್ಕು ದಿನ ಬಿಟ್ಟು ಲೋಕಾಪುರ, ಯರಗಟ್ಟಿ ದಾಟಿ ಬೆಳಗಾವಿಗೆ ಹೋದೆವು. ಅಲ್ಲಿನ ಯೂರಾಲಜಿಸ್ಟ್ ಪೇಪರ್ ತೆಗೆದು ಚಿತ್ರ ಬರೆದೇ ಹೇಳಿದರು. ಗಂಟು ಬೀಜದ ಹೊರಗಿದ್ದರೆ ಹೆಚ್ಚಿನ ಸಲ ನೀರುಗುಳ್ಳೆಯಂಥದ್ದು, ಭಯವಿಲ್ಲ. ಒಳಗಿದ್ದು ಗಟ್ಟಿಯಾಗಿದ್ದರೆ, ಅಲ್ಲ ಅಂತ ಗೊತ್ತಾಗುವ ತನಕ ಕ್ಯಾನ್ಸರ್ ಅಂತಲೇ ನೋಡಬೇಕು. ಸ್ಕ್ಯಾನ್ ಈ ಒಳಗೆ-ಹೊರಗೆ ಅನ್ನುವುದನ್ನು ಚೆನ್ನಾಗಿ ಹೇಳುತ್ತದೆ, ಆದರೆ ಒಳಗಿರುವುದು ಒಳ್ಳೆಯದೋ ಕೆಟ್ಟದ್ದೋ ಅಂತ ಖಾತ್ರಿಯಾಗಿ ಹೇಳಲು ಅದಕ್ಕೆ ಆಗುವುದಿಲ್ಲ. ಈರುಳ್ಳಿ ಕೊಯ್ದಂತೆ ಪದರ ಪದರ ಕಂಡು, ಒಳಗೆ ರಕ್ತದ ಓಡಾಟ ಇಲ್ಲದಿದ್ದರೆ ಅದು ಎಪಿಡರ್ಮಾಯ್ಡ್ ಸಿಸ್ಟ್ ಅನ್ನುವ, ಕ್ಯಾನ್ಸರ್ ಅಲ್ಲದ ಗಂಟು ಇರಬಹುದು, ಅಂಥದಕ್ಕೆ ಗಂಟನ್ನಷ್ಟೇ ತೆಗೆದು ಬೀಜ ಉಳಿಸುವ ದಾರಿಯೂ ಇದೆ. ನನ್ನದು ಹಾಗೆ ಕಾಣುತ್ತಿರಲಿಲ್ಲ.

ರಕ್ತ ನಾರ್ಮಲ್ ಇದೆಯಲ್ಲ ಸರ್ ಅಂದೆ. ಬೀಜದ ಕ್ಯಾನ್ಸರ್‌ನಲ್ಲಿ ಸೆಮಿನೋಮಾ ಅನ್ನುವ ಜಾತಿ ಎಎಫ್‌ಪಿಯನ್ನು ಏರಿಸುವುದೇ ಇಲ್ಲ, ಎಚ್‌ಸಿಜಿಯೂ ಹೆಚ್ಚಿನವರಲ್ಲಿ ಏರುವುದಿಲ್ಲ ಅಂದರು. ಏರಿದ್ದರೆ ಅನುಮಾನ ಗಟ್ಟಿಯಾಗುತ್ತದೆ, ಏರದಿದ್ದರೆ ಅನುಮಾನ ಹೋಗುವುದಿಲ್ಲ. ನನ್ನ ಹೆಂಡತಿ ನನ್ನ ಕೈ ಹಿಡಿದುಕೊಂಡಳು.

ಸೂಜಿ ಹಾಕಿ ಚೂರು ತೆಗೆದು ನೋಡಬಹುದಲ್ವಾ ಅಂತ ಎಲ್ಲರೂ ಕೇಳುತ್ತಾರೆ, ನಾನೂ ಕೇಳಿದೆ. ಹಾಕಬಾರದು. ಹೊಟ್ಟೆಯಲ್ಲಿ ಮಗು ಬೆಳೆಯುವಾಗ ಬೀಜಗಳು ಹುಟ್ಟುವುದು ಮೂತ್ರಪಿಂಡದ ಹತ್ತಿರ, ಆಮೇಲೆ ಕೆಳಗಿಳಿಯುತ್ತವೆ. ಅದಕ್ಕೇ ಅವುಗಳ ದುಗ್ಧರಸ ಇವತ್ತಿಗೂ ಹೊಟ್ಟೆಯ ಹಿಂಭಾಗಕ್ಕೇ ಹರಿಯುತ್ತದೆ. ಚೀಲದ ಚರ್ಮದ್ದು ಮಾತ್ರ ತೊಡೆಸಂದಿನ ಗ್ರಂಥಿಗಳಿಗೆ. ಚೀಲದ ಮೂಲಕ ಸೂಜಿ ಚುಚ್ಚಿದರೆ ಕ್ಯಾನ್ಸರ್‌ಗೆ ನಾವೇ ಹೊಸ ದಾರಿ ತೆರೆದಂತೆ. ಹಾಗಾಗಿ ತೊಡೆಸಂದಿನ ಹತ್ತಿರ ಕೊಯ್ದು ಇಡೀ ಬೀಜವನ್ನೇ ತೆಗೆಯುತ್ತಾರೆ, ಆಮೇಲೆ ಲ್ಯಾಬ್ ಹೇಳುತ್ತದೆ. ತೆಗೆದ ಮೇಲೇ ಗೊತ್ತಾಗುವುದು ಅನ್ನುವ ಮಾತನ್ನು ನುಂಗಿಕೊಳ್ಳಲು ನನಗೆ ಒಂದು ರಾತ್ರಿ ಬೇಕಾಯಿತು. ಮೈಕ್ರೋ ಆರ್‌ಎನ್‌ಎ 371 ಅಂತ ಹೊಸ ರಕ್ತ ಪರೀಕ್ಷೆ ಬರುತ್ತಿದೆ, ಸೆಮಿನೋಮಾವನ್ನೂ ಚೆನ್ನಾಗಿ ಹಿಡಿಯುತ್ತದೆ, ಟೆರಟೋಮಾ ಅನ್ನುವ ಇನ್ನೊಂದು ಜಾತಿಯ ಗಂಟು ಮಾತ್ರ ಅದಕ್ಕೂ ಸಿಗುವುದಿಲ್ಲ. ಅದು ಬೇಗ ನಮ್ಮ ಕಡೆಗೂ ಬರಲಿ.

ಮಕ್ಕಳು ಬೇಕಿದ್ದರೆ ಆಪರೇಷನ್‌ಗೆ ಮುಂಚೆ ವೀರ್ಯ ಕೊಟ್ಟು ಶೇಖರಿಸಿ ಇಡಿಸಿ ಅಂದರು. ಇಡಿಸಿದೆವು.

ಲ್ಯಾಬ್ ಸೆಮಿನೋಮಾ ಅಂತಲೇ ಹೇಳಿತು, ಬೀಜದಿಂದಾಚೆ ಹರಡಿರಲಿಲ್ಲ. ಈಗ ಬರೀ ಚೆಕಪ್. ಈ ಜಾತಿಯ ಕ್ಯಾನ್ಸರ್ ಹರಡಿದರೂ ಹೆಚ್ಚಿನವರು ಗುಣವಾಗುತ್ತಾರೆ. ಯುವರಾಜ್ ಸಿಂಗ್‌ಗೆ ಎದೆಯಲ್ಲಿ ಆಗಿದ್ದೂ ಸೆಮಿನೋಮಾನೇ, 2012ರಲ್ಲಿ ಕೀಮೋ ತಗೊಂಡು ಅದೇ ವರ್ಷ ಮೈದಾನಕ್ಕೆ ಮರಳಿದರು.

ಹೋದ ವಾರ ಮುಧೋಳದಿಂದ ತಮ್ಮನಂಥ ಹುಡುಗ ಫೋನ್ ಮಾಡಿದ. ತಡೆದು ತಡೆದು ಮಾತಾಡಿದ, ಅವನಿಗೂ ಗಂಟು. ಸುಮ್ನೆ ಯೋಚಿಸುತ್ತ ಕೂರಬೇಡ, ನಾಳೆಯೇ ಸ್ಕ್ಯಾನ್ ಮಾಡಿಸು ಅಂದೆ. ನಿನ್ನೆ ರಿಪೋರ್ಟ್ ಕಳಿಸಿದ. ಗಂಟು ಬೀಜದ ಹೊರಗಿದೆ, ನೀರುಗುಳ್ಳೆ.